ಹಳೆಯ ಎಚ್‌ಪಿ-ಯುಎಕ್ಸ್ ಸರ್ವರ್‌ನ 180 ಪ್ರಿಂಟರ್‌ಗಳನ್ನು ಹೊಸ ಸರ್ವರ್‌ಗೆ ಸಾಗಿಸುವುದು ಹೇಗೆ?

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ ಎಚ್‌ಪಿ-ಯುಎಕ್ಸ್ 11ಐ (ಎಚ್‌ಪಿ ಕಂಪನಿಯ ಯುನಿಕ್ಸ್) ಸರ್ವರ್ ಮೇಲೆ ಸುಮಾರು 180 ನೆಟ್‌ವರ್ಕ್ ಪ್ರಿಂಟರ್‌ಗಳಿವೆ. ಹೆಚ್ಚಿನವು ಲೇಸರ್, ಒಂದಿಷ್ಟು ಡಾಟ್ ಮ್ಯಾಟ್ರಿಕ್ಸ್, ಉಗ್ರಾಣದಲ್ಲಿ ಬಾರ್‌ಕೋಡ್ ಲೇಬಲ್ ಪ್ರಿಂಟರ್‌ಗಳು. ಈಗ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಇರುವ ಹೊಸ ಸರ್ವರ್ ಬಂದಿದೆ. ಹಳೆಯದರ /ಇಟಿಸಿ/ಎಲ್‌ಪಿ ಡೈರೆಕ್ಟರಿಯನ್ನು ಹಾಗೇ ನಕಲು ಮಾಡಿದರೆ ನಡೆಯುತ್ತದೆಯೇ? ಇಲ್ಲವಾದರೆ ಎಲ್ಲವನ್ನೂ ಕೈಯಿಂದಲೇ ಸೇರಿಸಬೇಕೇ? ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನ ಪಾಳಿಯವರೆಗೆ ಸಮಯವಿದೆ.

ಉತ್ತರ: ನಕಲು ಮಾಡಿದರೆ ನಡೆಯುವುದಿಲ್ಲ. ಒಂದೊಂದಾಗಿ ಕೈಯಿಂದ ಸೇರಿಸುವ ಗೋಜೂ ಬೇಡ. ಹಳೆಯ ಸರ್ವರ್‌ನಿಂದ ಒಂದು ಪಟ್ಟಿ ತೆಗೆದು, ಹೊಸದಕ್ಕೆ ಬೇಕಾದ ಕಮಾಂಡ್‌ಗಳನ್ನು ಆ ಪಟ್ಟಿಯಿಂದಲೇ ಹುಟ್ಟಿಸಿ. ಇದು ಅರ್ಧ ದಿನದ ಕೆಲಸ. ಆದರೆ ಒಂದು ಮಾತು ಮೊದಲೇ ಮನಸ್ಸಿನಲ್ಲಿರಲಿ: ಐಪಿ ವಿಳಾಸಗಳು ಇದರಲ್ಲಿ ಸುಲಭದ ಭಾಗ. ಎಚ್‌ಪಿ-ಯುಎಕ್ಸ್‌ನಲ್ಲಿ ಪ್ರಿಂಟರ್ ಹೇಗೆ ನಡೆದುಕೊಳ್ಳಬೇಕು ಎಂಬುದೆಲ್ಲ ಅದರ ಇಂಟರ್‌ಫೇಸ್ ಸ್ಕ್ರಿಪ್ಟ್‌ನೊಳಗಿದೆ, ಅಂದರೆ ಪ್ರತಿ ಜಾಬ್ ಕಳಿಸುವಾಗ ಓಡುವ ಸಣ್ಣ ಪ್ರೋಗ್ರಾಂನೊಳಗಿದೆ. ವರ್ಷಗಳಿಂದ ಯಾರ್ಯಾರೋ ತಿದ್ದಿದ ಸಾಲುಗಳು ಅಲ್ಲಿರುತ್ತವೆ. ಅವನ್ನು ಓದದೆ ಹೊರಟರೆ ಸೋಮವಾರ ಎಲ್ಲ ಪ್ರಿಂಟರ್‌ಗಳೂ ಓಡುತ್ತವೆ, ಆದರೆ ಹಾಳೆಯ ಮೇಲೆ ಬರಬೇಕಾದದ್ದು ಬರುವುದಿಲ್ಲ.

ಕಮಾಂಡ್‌ಗಳ ಹೆಸರನ್ನು ಓದುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇನೆ.

ನಕಲು ಏಕೆ ನಡೆಯುವುದಿಲ್ಲ ಎಂದರೆ, ಎಚ್‌ಪಿ-ಯುಎಕ್ಸ್‌ನದು ಸಿಸ್ಟಮ್ ಫೈವ್ ಶೈಲಿಯ ಎಲ್‌ಪಿ ಸ್ಪೂಲರ್, ಅಂದರೆ ಜಾಬ್‌ಗಳನ್ನು ಸಾಲಿನಲ್ಲಿಟ್ಟು ಪ್ರಿಂಟರ್‌ಗೆ ಕಳಿಸುವ ವ್ಯವಸ್ಥೆ. ಪ್ರತಿ ಪ್ರಿಂಟರ್‌ಗೂ /ಇಟಿಸಿ/ಎಲ್‌ಪಿ/ಇಂಟರ್‌ಫೇಸ್ ಕೆಳಗೆ ಅದರದೇ ಹೆಸರಿನ ಒಂದು ಶೆಲ್ ಸ್ಕ್ರಿಪ್ಟ್ ಇರುತ್ತದೆ. ಪ್ರಿಂಟರ್‌ಗಳ ಸ್ಥಿತಿ ಬರೆದಿಡುವ ಪಿಸ್ಟೇಟಸ್, ಕ್ಯೂಸ್ಟೇಟಸ್ ಫೈಲ್‌ಗಳು ಬೈನರಿ. ರೆಡ್ ಹ್ಯಾಟ್ 9ರಲ್ಲಿರುವುದು ಕಪ್ಸ್ 2.3.3 ಎಂಬ ಬೇರೆ ಮುದ್ರಣ ವ್ಯವಸ್ಥೆ. ಅದು ಈ ಯಾವ ಫೈಲ್ ಅನ್ನೂ ಓದುವುದಿಲ್ಲ, ಇಂಟರ್‌ಫೇಸ್ ಸ್ಕ್ರಿಪ್ಟ್‌ಗಳಿಗೆ ಅದರಲ್ಲಿ ಬೆಂಬಲವೂ ಇಲ್ಲ. ಹೊಸದಾಗಿಯೂ ಎಚ್‌ಪಿ-ಯುಎಕ್ಸ್ ಸರ್ವರನ್ನೇ ಹಾಕುತ್ತೇವೆ ಎನ್ನುವವರಿಗೂ ಪಟ್ಟಿಯಿಂದ ಮತ್ತೆ ಕಟ್ಟುವುದನ್ನೇ ಹೇಳುತ್ತೇನೆ. ಆದರೆ 11ಐ ವಿ3ರ ಸಾಮಾನ್ಯ ಬೆಂಬಲವೇ 2025ರ ಡಿಸೆಂಬರ್ 31ಕ್ಕೆ ಮುಗಿದಿರುವಾಗ ಲಿನಕ್ಸ್‌ಗೆ ಹೊರಟ ನಿಮ್ಮ ತೀರ್ಮಾನವೇ ಸರಿ.

ಈಗ ಪಟ್ಟಿ. ಎಲ್‌ಪಿಸ್ಟ್ಯಾಟ್ -ವಿ ಕೊಟ್ಟರೆ ವಿಳಾಸ ಸಿಗುತ್ತದೆ ಎಂದುಕೊಂಡಿದ್ದರೆ ನಿರಾಶೆಯಾಗುತ್ತದೆ. ನೆಟ್‌ವರ್ಕ್ ಪ್ರಿಂಟರ್‌ಗಳಿಗೆ ಅಲ್ಲಿ ಸಾಮಾನ್ಯವಾಗಿ ಕಾಣುವುದು /ಡೆವ್/ನಲ್ ಎಂಬ ಖಾಲಿ ಸಾಧನ ಮಾತ್ರ. ಜೆಟ್‌ಡೈರೆಕ್ಟ್ (ಪ್ರಿಂಟರನ್ನು ನೆಟ್‌ವರ್ಕ್‌ಗೆ ಸೇರಿಸುವ ಎಚ್‌ಪಿ ಸಾಧನ) ಮೂಲಕ ಸೇರಿಸಿದ್ದರೆ ಇಂಟರ್‌ಫೇಸ್ ಸ್ಕ್ರಿಪ್ಟ್‌ನೊಳಗೆ ದೊಡ್ಡಕ್ಷರದಲ್ಲಿ ಪೆರಿಫ್ (ಪಿ-ಇ-ಆರ್-ಐ-ಪಿ-ಎಚ್) ಎಂಬ ಚರದ ಮುಂದೆ ಪ್ರಿಂಟರ್‌ನ ಐಪಿ ಅಥವಾ ಹೋಸ್ಟ್ ಹೆಸರು ಇರುತ್ತದೆ. ಇಡೀ ಡೈರೆಕ್ಟರಿಯ ಮೇಲೆ ಆ ಪದಕ್ಕೆ ಒಂದು ಗ್ರೆಪ್ ಓಡಿಸಿದರೆ ಬಹುಪಾಲು ಪಟ್ಟಿ ಸಿದ್ಧ. ರಿಮೋಟ್ ಆಗಿ, ಅಂದರೆ ಎಲ್‌ಪಿಡಿ ಎಂಬ ಹಳೆಯ ಮುದ್ರಣ ಪ್ರೊಟೊಕಾಲ್ ಮೂಲಕ ಸೇರಿಸಿದವುಗಳಿಗೆ ಎಲ್‌ಪಿಸ್ಟ್ಯಾಟ್ -ವಿ ಎರಡನೆಯ ಸಾಲಿನಲ್ಲಿ ಯಾವ ಯಂತ್ರದ ಯಾವ ಕ್ಯೂ (ಜಾಬ್‌ಗಳು ಸರದಿಯಲ್ಲಿ ನಿಲ್ಲುವ ಸಾಲು) ಎಂದು ತೋರಿಸುತ್ತದೆ. ಆ ಕ್ಯೂ ಹೆಸರನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಕೆಲವು ಪ್ರಿಂಟ್ ಸರ್ವರ್ ಪೆಟ್ಟಿಗೆಗಳಲ್ಲಿ ಕ್ಯೂ ಹೆಸರು ಬದಲಾದರೆ ವರ್ತನೆಯೇ ಬದಲಾಗುತ್ತದೆ. ಒಂದೇ ಐಪಿ ಎರಡು ಮೂರು ಪ್ರಿಂಟರ್‌ಗೆ ಕಂಡರೆ ತಪ್ಪೆಂದು ಅಳಿಸಬೇಡಿ. ಮೂರು ಪೋರ್ಟ್‌ನ ಹಳೆಯ ಜೆಟ್‌ಡೈರೆಕ್ಟ್ ಪೆಟ್ಟಿಗೆ ಇರಬಹುದು. ಅದರಲ್ಲಿ ಮೊದಲ ಪ್ರಿಂಟರ್‌ನ ನೆಟ್‌ವರ್ಕ್ ಪೋರ್ಟ್ 9100, ಎರಡನೆಯದರದು 9101, ಮೂರನೆಯದರದು 9102.

ಪೆರಿಫ್ ಮುಂದೆ ಹೆಸರಿದ್ದರೆ ಅದು ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ಹೇಳುವ ಸೇವೆಯಲ್ಲಿ) ಇದೆ ಎಂದು ನಂಬಬೇಡಿ. ಹತ್ತಾರು ವರ್ಷ ಓಡಿದ ಸರ್ವರ್‌ನಲ್ಲಿ ಪ್ರಿಂಟರ್ ಹೆಸರುಗಳು /ಇಟಿಸಿ/ಹೋಸ್ಟ್ಸ್ ಫೈಲ್‌ನಲ್ಲಿ ಮಾತ್ರ ಇರುವುದು ಮಾಮೂಲು. ಹಳೆಯ ಯಂತ್ರದಲ್ಲೇ ಎನ್‌ಎಸ್‌ಕ್ವೆರಿ ಹೋಸ್ಟ್ಸ್ ಎಂದು ಬರೆದು ಮುಂದೆ ಹೆಸರು ಕೊಡಿ. ಆ ಯಂತ್ರ ನಿಜಕ್ಕೂ ಬಳಸುತ್ತಿರುವ ವಿಳಾಸವೂ, ಅದು ಎಲ್ಲಿಂದ ಬಂತೆಂಬುದೂ ಕಾಣುತ್ತದೆ.

ಪಟ್ಟಿಯಲ್ಲಿ ಕ್ಯೂ ಹೆಸರು, ಐಪಿ, ಪೋರ್ಟ್ ಅಥವಾ ರಿಮೋಟ್ ಕ್ಯೂ, ಪ್ರಿಂಟರ್ ಮಾದರಿ, ಇರುವ ಜಾಗ, ಕಾಗದದ ಅಳತೆ, ಟ್ರೇ, ಯಾವ ಕ್ಲಾಸ್‌ಗೆ (ಪ್ರಿಂಟರ್‌ಗಳ ಗುಂಪಿಗೆ) ಸೇರಿದೆ ಎಂಬ ಕಾಲಂಗಳಿರಲಿ. ಕಾಲಂಗಳ ನಡುವೆ ಅಲ್ಪವಿರಾಮ ಬೇಡ, ಟ್ಯಾಬ್ ಹಾಕಿ. ‘ಉಗ್ರಾಣ, 2ನೇ ಮಹಡಿ’ ಎಂದು ಜಾಗ ಬರೆದ ಕೂಡಲೇ ಅಲ್ಪವಿರಾಮದ ಲೆಕ್ಕ ತಪ್ಪುತ್ತದೆ. ಇನ್ನೊಂದು: ಹಳೆಯ ಸರ್ವರ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆ ಬೇರೆ ಎಂದು ನೋಡುತ್ತದೆ, ಕಪ್ಸ್ ನೋಡುವುದಿಲ್ಲ. ಕೇಸ್ ಮಾತ್ರ ಬೇರೆಯಾದ ಎರಡು ಹೆಸರುಗಳಿದ್ದರೆ ಎರಡನೆಯದನ್ನು ಸೇರಿಸುವ ಎಲ್‌ಪಿಅಡ್ಮಿನ್ ಕಮಾಂಡ್ ಮೊದಲನೆಯ ಪ್ರಿಂಟರನ್ನೇ ತಿದ್ದಿಹಾಕುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಹೆಸರುಗಳನ್ನೆಲ್ಲ ಸಣ್ಣಕ್ಷರಕ್ಕೆ ತಿರುಗಿಸಿ, ಸಾರ್ಟ್ ಮಾಡಿ, ಯುನಿಕ್ -ಡಿ ಓಡಿಸಿ ನೋಡಿ.

ಸತ್ತ ಪ್ರಿಂಟರ್‌ಗಳನ್ನು ಇಲ್ಲೇ ಬಿಡಬಹುದು. /ವಾರ್/ಎಡಿಎಂ/ಎಲ್‌ಪಿ ಕೆಳಗಿನ ಲಾಗ್ ಫೈಲ್‌ನಲ್ಲಿ ಯಾವ ಪ್ರಿಂಟರ್‌ಗೆ ಯಾವಾಗ ಜಾಬ್ ಹೋಗಿದೆ ಎಂದಿರುತ್ತದೆ. ಸ್ಪೂಲರ್ ಮತ್ತೆ ಶುರುವಾದಾಗ ಆ ಲಾಗ್ ಹೊಸದಾಗುವುದರಿಂದ ಇಂದಿನಿಂದಲೇ ದಿನಕ್ಕೊಂದು ನಕಲು ಎತ್ತಿಡಿ. ಮಾರ್ಚ್ ಕೊನೆಗೆ ಮಾತ್ರ ಬಳಸುವ ಲೆಕ್ಕಪತ್ರ ವಿಭಾಗದ ಪ್ರಿಂಟರ್ ಲಾಗ್‌ನಲ್ಲಿ ಕಾಣದಿರಬಹುದು, ಹಾಗಾಗಿ ಕೈಬಿಡುವ ಮುನ್ನ ಆ ವಿಭಾಗವನ್ನು ಕೇಳಿ.

ಇನ್ನು ಸ್ಕ್ರಿಪ್ಟ್‌ಗಳ ವಿಷಯ. 180 ಸ್ಕ್ರಿಪ್ಟ್ ಓದಬೇಕಾಗಿಲ್ಲ. ಪ್ರತಿಯೊಂದರಿಂದ ಪೆರಿಫ್ ಸಾಲನ್ನು ಗ್ರೆಪ್ -ವಿ ಮೂಲಕ ತೆಗೆದು, ಉಳಿದದ್ದಕ್ಕೆ ಸಿಕೆಸಮ್ (ಒಳಗಿನ ಪಠ್ಯಕ್ಕೆ ಒಂದು ಗುರುತಿನ ಸಂಖ್ಯೆ ಕೊಡುವ ಕಮಾಂಡ್) ಹಾಕಿ, ಫಲಿತಾಂಶವನ್ನು ಸಾರ್ಟ್ ಮಾಡಿ. ಒಂದೇ ಸಂಖ್ಯೆ ಬಂದವೆಲ್ಲ ಒಂದೇ ಸ್ಕ್ರಿಪ್ಟ್. ಇಂಟರ್‌ಫೇಸ್ ಡೈರೆಕ್ಟರಿಯೊಳಗೆ ಮಾಡೆಲ್ ಡಾಟ್ ಒರಿಜ್ ಎಂಬ ಉಪಡೈರೆಕ್ಟರಿ ಇದ್ದರೆ ಅದರ ಮೇಲೂ ಇದನ್ನೇ ಮಾಡಿ. ಜೆಟ್‌ಡೈರೆಕ್ಟ್ ಪ್ರಿಂಟರ್‌ಗಳಲ್ಲಿ ಹೊರಗಿನ ಸ್ಕ್ರಿಪ್ಟ್ ಬರೀ ಹೊದಿಕೆ, ಅಸಲಿ ಮಾಡೆಲ್ ಸ್ಕ್ರಿಪ್ಟ್ ಅಲ್ಲಿರುತ್ತದೆ. ದೊಡ್ಡ ಗುಂಪುಗಳು ಸಾಮಾನ್ಯವಾಗಿ ಕಂಪನಿಯೇ ಕೊಟ್ಟ ಮೂಲ ಸ್ಕ್ರಿಪ್ಟ್‌ಗಳು. ಒಂದೇ ಪ್ರಿಂಟರ್ ಇರುವ ಗುಂಪು ಕಂಡರೆ ಅಲ್ಲಿ ಯಾರೋ ಕೈ ಹಾಕಿದ್ದಾರೆ. /ಯುಎಸ್‌ಆರ್/ಲಿಬ್/ಎಲ್‌ಪಿ/ಮಾಡೆಲ್ ಕೆಳಗಿನ ಮೂಲದೊಂದಿಗೆ ಡಿಫ್ ಹಾಕಿ, ಏನು ತಿದ್ದಿದ್ದಾರೆ ಎಂದು ಒಂದು ಸಾಲು ಬರೆದಿಡಿ. ಇಡೀ ಕೆಲಸದಲ್ಲಿ ಅತ್ಯಂತ ಹೆಚ್ಚು ಬೆಲೆ ಬಾಳುವ ಟಿಪ್ಪಣಿ ಇದೇ.

ಉದಾಹರಣೆಗೆ ಒಂದನ್ನೇ ಹತ್ತಿರದಿಂದ ನೋಡೋಣ. ಯುನಿಕ್ಸ್ ಪಠ್ಯದಲ್ಲಿ ಪ್ರತಿ ಸಾಲಿನ ಕೊನೆಗೆ ಲೈನ್ ಫೀಡ್ ಮಾತ್ರ ಇರುತ್ತದೆ. ಪಿಸಿಎಲ್ (ಎಚ್‌ಪಿಯ ಪ್ರಿಂಟರ್ ಭಾಷೆ) ತಿಳಿದ ಪ್ರಿಂಟರ್ ಅದನ್ನು ಅಕ್ಷರಶಃ ಪಾಲಿಸಿ ಕೆಳಗಿಳಿಯುತ್ತದೆ, ಎಡ ಅಂಚಿಗೆ ಮರಳುವುದಿಲ್ಲ. ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಜಾರುತ್ತ ಹೋಗಿ ನಾಲ್ಕೈದು ಸಾಲಿಗೆ ಹಾಳೆಯಾಚೆ ಮಾಯವಾಗುತ್ತವೆ. ಹಳೆಯ ಸ್ಕ್ರಿಪ್ಟ್ ಇದನ್ನು ತಡೆಯಲು ಪ್ರತಿ ಜಾಬ್‌ನ ಮುಂದೆ ಎಸ್ಕೇಪ್, ಆಂಪರ್‌ಸ್ಯಾಂಡ್, ಸಣ್ಣ ಕೆ, 2, ದೊಡ್ಡ ಜಿ ಎಂಬ ಸಂಕೇತ ಕಳಿಸುತ್ತಿರುತ್ತದೆ. ಲೈನ್ ಫೀಡ್ ಬಂದಾಗಲೆಲ್ಲ ಕ್ಯಾರೇಜ್ ರಿಟರ್ನ್ ಕೂಡ ಮಾಡು ಎಂದು ಅದರ ಅರ್ಥ. ಅದರ ಜೊತೆಗೇ ಎಸ್ಕೇಪ್, ಆಂಪರ್‌ಸ್ಯಾಂಡ್, ಸಣ್ಣ ಎಲ್, 26, ದೊಡ್ಡ ಎ ಇದ್ದರೆ ಎ4 ಕಾಗದ. ಸಣ್ಣ ಕೆ, 2, ದೊಡ್ಡ ಎಸ್ ಇದ್ದರೆ 132 ಕಾಲಂ ವರದಿಗೆ ಬೇಕಾದ ಒತ್ತೊತ್ತು ಅಕ್ಷರ. ಹೊಸ ಸರ್ವರ್‌ನಲ್ಲಿ ಇದೇ ಪ್ರಿಂಟರನ್ನು ರಾ ಕ್ಯೂ ಆಗಿ, ಅಂದರೆ ಬಂದದ್ದನ್ನು ತಿದ್ದದೆ ಹಾಗೇ ಕಳಿಸುವ ಕ್ಯೂ ಆಗಿ ಹಾಕಿದರೆ ಈ ಮೂರೂ ಹೋದವು.

ಇದಕ್ಕೆ ಕಪ್ಸ್‌ನಲ್ಲಿ ಸರಿಯಾದ ಜಾಗ ಫಿಲ್ಟರ್, ಅಂದರೆ ಜಾಬ್ ಪ್ರಿಂಟರ್‌ಗೆ ಹೋಗುವ ಮುನ್ನ ಅದನ್ನು ಬದಲಿಸುವ ಪ್ರೋಗ್ರಾಂ. /ಯುಎಸ್‌ಆರ್/ಲಿಬ್/ಕಪ್ಸ್/ಫಿಲ್ಟರ್ ಕೆಳಗೆ ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಸಾಕು: ಮೊದಲು ಎಸ್ಕೇಪ್ ಮತ್ತು ದೊಡ್ಡ ಇ ಕಳಿಸಿ ಪ್ರಿಂಟರನ್ನು ರೀಸೆಟ್ ಮಾಡಿ, ನಂತರ ಮೇಲಿನ ಸಂಕೇತಗಳು, ನಂತರ ಪಠ್ಯ, ಕೊನೆಗೆ ಮತ್ತೆ ರೀಸೆಟ್. ವಾದಗಳ (ಆರ್ಗ್ಯುಮೆಂಟ್, ಅಂದರೆ ಸ್ಕ್ರಿಪ್ಟ್‌ಗೆ ಕೊಡುವ ಮೌಲ್ಯಗಳ) ಕ್ರಮ ಹಳೆಯ ಇಂಟರ್‌ಫೇಸ್ ಸ್ಕ್ರಿಪ್ಟ್‌ನದನ್ನೇ ಹೋಲುತ್ತದೆ: ಜಾಬ್, ಬಳಕೆದಾರ, ಶೀರ್ಷಿಕೆ, ಪ್ರತಿಗಳು, ಆಯ್ಕೆಗಳು, ಫೈಲ್. ಆದರೆ ವ್ಯತ್ಯಾಸಗಳಿವೆ. ಮೊದಲನೆಯದರಲ್ಲಿ ಪ್ರಿಂಟರ್ ಹೆಸರು ಇರುವುದಿಲ್ಲ, ಬರೀ ಸಂಖ್ಯೆ. ಆರನೆಯದು ಇಲ್ಲದೆಯೂ ಇರಬಹುದು, ಆಗ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಓದಬೇಕು. ಪ್ರತಿಗಳ ಸಂಖ್ಯೆಯನ್ನು ಫಿಲ್ಟರೇ ನೋಡಿಕೊಳ್ಳಬೇಕು, ಮರೆತರೆ ಮೂರು ಪ್ರತಿ ಕೇಳಿದವರಿಗೆ ಒಂದೇ ಬರುತ್ತದೆ. ಎಸ್ಕೇಪ್, ಆಂಪರ್‌ಸ್ಯಾಂಡ್, ಸಣ್ಣ ಎಲ್, ಸಂಖ್ಯೆ, ದೊಡ್ಡ ಎಕ್ಸ್ ಕಳಿಸಿದರೆ ಪ್ರಿಂಟರೇ ಅಷ್ಟು ಪ್ರತಿ ತೆಗೆಯುತ್ತದೆ. ಮತ್ತೆ, ಪರೀಕ್ಷೆಗೆಂದು ಹಾಕಿದ ಎಕೋ ಸಾಲು ಫಿಲ್ಟರ್‌ನಲ್ಲಿ ಉಳಿದರೆ ಅದು ಕಾಗದದ ಮೇಲೇ ಬರುತ್ತದೆ. ಸಂದೇಶಗಳನ್ನು ಸ್ಟ್ಯಾಂಡರ್ಡ್ ಎರರ್‌ಗೆ ಕಳಿಸಿ. ಫೈಲ್‌ನ ಒಡೆಯ ರೂಟ್ ಆಗಿರಲಿ, ಅನುಮತಿ 755. ಬೇರೆಯವರು ಬರೆಯಬಹುದಾದ ಫಿಲ್ಟರನ್ನು ಕಪ್ಸ್ ಓಡಿಸಲು ಒಪ್ಪುವುದಿಲ್ಲ. ನಕಲು ಮಾಡಿದ ಮೇಲೆ ಅದರ ಮೇಲೆ ರಿಸ್ಟೋರ್‌ಕಾನ್ ಓಡಿಸಿ, ಇಲ್ಲದಿದ್ದರೆ ಲಿನಕ್ಸ್‌ನ ಭದ್ರತಾ ಕಾವಲಾದ ಎಸ್‌ಇಲಿನಕ್ಸ್ ತಡೆಯಬಹುದು.

ಈ ಫಿಲ್ಟರನ್ನು ಪ್ರಿಂಟರ್‌ಗೆ ಕಟ್ಟುವುದು ಪಿಪಿಡಿ ಫೈಲ್‌ನಲ್ಲಿ, ಅಂದರೆ ಪ್ರಿಂಟರ್ ಮಾದರಿಯ ಗುಣಗಳನ್ನು ಕಪ್ಸ್‌ಗೆ ಹೇಳುವ ಫೈಲ್‌ನಲ್ಲಿ. ನಿಮ್ಮ ಮಾದರಿಗೆ ಒಪ್ಪುವ ಪಿಪಿಡಿಯ ಪ್ರತಿ ತೆಗೆದುಕೊಂಡು, ಟೆಕ್ಸ್ಟ್/ಪ್ಲೇನ್ ಬಗೆಗೆ ವೆಚ್ಚ 0 ಎಂದು ಫಿಲ್ಟರ್ ಹೆಸರಿನೊಂದಿಗೆ ಒಂದು ಕಪ್ಸ್‌ಫಿಲ್ಟರ್ (ಎಫ್ ಮಾತ್ರ ದೊಡ್ಡಕ್ಷರ) ಸಾಲು ಸೇರಿಸಿ. ಆಗ ವರದಿಗಳ ಪಠ್ಯ ನಿಮ್ಮ ಫಿಲ್ಟರ್ ಮೂಲಕ, ಪಿಡಿಎಫ್ ಮಾಮೂಲಿ ಡ್ರೈವರ್ ಮೂಲಕ ಹೋಗುತ್ತವೆ. ಒಂದೇ ಕ್ಯೂ ಎರಡಕ್ಕೂ ಸಾಕು. ಪಿಪಿಡಿಯಲ್ಲಿ ಈಗಾಗಲೇ ಕಪ್ಸ್‌ಫಿಲ್ಟರ್2 ಎಂಬ ಸಾಲುಗಳಿದ್ದರೆ ನೀವು ಸೇರಿಸಿದ್ದಕ್ಕೆ ಬೆಲೆ ಇರುವುದಿಲ್ಲ, ಬೇರೆ ಪಿಪಿಡಿ ಆರಿಸಿ. ಕೊನೆಗೆ ಫೈಲ್ ಸರಿಯಿದೆಯೇ ನೋಡುವ ಕಪ್ಸ್‌ಟೆಸ್ಟ್‌ಪಿಪಿಡಿ ಓಡಿಸಿ. ಅದೇ ಪಿಪಿಡಿಯಲ್ಲಿ ಡೀಫಾಲ್ಟ್ ಪೇಜ್‌ಸೈಜ್ ನೋಡಿ. ಲೆಟರ್ ಎಂದಿದ್ದರೆ ಎ4ಗೆ ಬದಲಿಸಿ. ಎ4 ಮಾತ್ರ ತುಂಬಿದ ಪ್ರಿಂಟರ್ ‘ಲೆಟರ್ ಕಾಗದ ಹಾಕಿ’ ಎಂದು ಕೇಳುತ್ತ ನಿಂತುಬಿಡುತ್ತದೆ.

ಕನ್ನಡದಲ್ಲಿ ವರದಿ, ಗೇಟ್ ಪಾಸ್ ತೆಗೆಯುವ ಪ್ರಿಂಟರ್‌ಗಳಿದ್ದರೆ ಅವನ್ನು ಪಟ್ಟಿಯಲ್ಲಿ ಬೇರೆ ಗುರುತು ಮಾಡಿ. ಯೂನಿಕೋಡ್ ಕನ್ನಡವನ್ನು ಸಾದಾ ಪಠ್ಯವಾಗಿ ಕಪ್ಸ್‌ಗೆ ಕೊಟ್ಟರೆ ಈಗಿನ ಪಠ್ಯ ಫಿಲ್ಟರ್ ಒತ್ತಕ್ಷರಗಳನ್ನು ಜೋಡಿಸುವುದಿಲ್ಲ. ಅಪ್ಲಿಕೇಶನ್‌ನಿಂದಲೇ ಪಿಡಿಎಫ್ ಮಾಡಿಸಿ ಕಳಿಸುವುದು ಒಳ್ಳೆಯದು. ಅದಾಗದಿದ್ದರೆ ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿ ಬಳಸುವ ಪ್ಯಾಪ್ಸ್ ಎಂಬ ಪ್ರೋಗ್ರಾಂ ಮೂಲಕ ಹಾಯಿಸಿ. ‘ಉತ್ಪಾದನಾ ವೆಚ್ಚ’ ಎಂದು ಒಂದು ಸಾಲು ಪ್ರಿಂಟ್ ಹಾಕಿದರೆ ಸಾಕು, ಸರಿಯಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಡಾಟ್ ಮ್ಯಾಟ್ರಿಕ್ಸ್ ಮತ್ತು ಲೇಬಲ್ ಪ್ರಿಂಟರ್‌ಗಳಿಗೆ ಈ ರಗಳೆ ಇಲ್ಲ. ಅವುಗಳಿಗೆ ಬೇಕಾದ ಸಂಕೇತಗಳನ್ನು ಅಪ್ಲಿಕೇಶನ್ ತಾನೇ ಕಳಿಸುತ್ತಿದ್ದರೆ ರಾ ಕ್ಯೂ ಮಾಡಿ: ಎಲ್‌ಪಿಅಡ್ಮಿನ್‌ಗೆ -ಎಂ ರಾ. ರಾ ಕ್ಯೂಗಳು ಮುಂದೆ ಹೋಗಲಿವೆ ಎಂಬ ಎಚ್ಚರಿಕೆ ಪ್ರತಿ ಸಲ ಬರುತ್ತದೆ. ಕಪ್ಸ್ 2ರಲ್ಲಿ ಅವು ನಡೆಯುತ್ತವೆ, ಗಾಬರಿ ಬೇಡ. ಲೇಬಲ್ ಪ್ರಿಂಟರ್‌ಗೆ ತಪ್ಪಿ ಪಿಪಿಡಿ ಕೊಟ್ಟರೆ ಬಾರ್‌ಕೋಡ್ ಬದಲು ಜೆಡ್‌ಪಿಎಲ್ ಎಂಬ ಲೇಬಲ್ ಪ್ರಿಂಟರ್ ಭಾಷೆಯ ಸಂಕೇತಗಳೇ ಅಕ್ಷರಗಳಾಗಿ ಅಚ್ಚಾಗುತ್ತವೆ.

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಸಾಲಿಗೂ ಎಲ್‌ಪಿಅಡ್ಮಿನ್ ಕಮಾಂಡ್ ಒಂದನ್ನು ಆಕ್ (ಪಠ್ಯ ಸಂಸ್ಕರಿಸುವ ಕಮಾಂಡ್) ಮೂಲಕ ಹುಟ್ಟಿಸಿ, ನೇರ ಓಡಿಸದೆ ಫೈಲ್‌ಗೆ ಬರೆಯಿಸಿ, ಕಣ್ಣಾಡಿಸಿ, ಆಮೇಲೆ ಓಡಿಸಿ. ಕ್ರಮ ಹೀಗಿರಲಿ: -ಪಿ ಮತ್ತು ಹೆಸರು, ನಂತರ ದೊಡ್ಡಕ್ಷರದ -ಇ, ನಂತರ -ವಿ ಮುಂದೆ ಸಾಕೆಟ್ ವಿಳಾಸ ಮತ್ತು ಪೋರ್ಟ್, ದೊಡ್ಡಕ್ಷರದ -ಪಿ ಮುಂದೆ ಪಿಪಿಡಿ ಫೈಲ್, ದೊಡ್ಡಕ್ಷರದ -ಡಿ ಮುಂದೆ ವಿವರ, ದೊಡ್ಡಕ್ಷರದ -ಎಲ್ ಮುಂದೆ ಜಾಗ. ಆ -ಇ ಎಲ್ಲಿ ನಿಲ್ಲುತ್ತದೆ ಎಂಬುದು ಮುಖ್ಯ. ಹೆಸರಿನ ನಂತರ ಬಂದರೆ ‘ಪ್ರಿಂಟರನ್ನು ಚಾಲೂ ಮಾಡಿ ಜಾಬ್ ಸ್ವೀಕರಿಸು’ ಎಂದರ್ಥ. ಹೆಸರಿಗಿಂತ ಮೊದಲು ಬಂದರೆ ‘ಸರ್ವರ್ ಜೊತೆ ಎನ್‌ಕ್ರಿಪ್ಟ್ ಮಾಡಿ ಮಾತಾಡು’ ಎಂದರ್ಥ. ಪ್ರಿಂಟರ್ ಸೇರುತ್ತದೆ, ಆದರೆ ಮುಚ್ಚಿಯೇ ಇರುತ್ತದೆ. 180ಕ್ಕೂ ಒಂದೇ ತಪ್ಪಾದರೆ ಎಲ್ಲಕ್ಕೂ ಕಪ್ಸ್‌ಎನೇಬಲ್, ಕಪ್ಸ್‌ಅಕ್ಸೆಪ್ಟ್ ಕೊಡಬೇಕು.

ಅದೇ ಸಾಲಿನಲ್ಲಿ ಪ್ರಿಂಟರ್-ಎರರ್-ಪಾಲಿಸಿ ಎಂಬ ಆಯ್ಕೆಗೆ ರಿಟ್ರೈ-ಜಾಬ್ ಎಂದು ಬರೆಯಿರಿ. ಸ್ಟಾಪ್-ಪ್ರಿಂಟರ್ ಆಗಿದ್ದರೆ ಒಂದು ಕೆಟ್ಟ ಫೈಲ್ ಇಡೀ ಕ್ಯೂವನ್ನು ನಿಲ್ಲಿಸುತ್ತದೆ, ಹಿಂದಿನವರೆಲ್ಲ ಕಾಯುತ್ತಾರೆ. ಕಪ್ಸ್‌ನ ಸೆಟ್ಟಿಂಗ್ ಫೈಲಾದ ಕಪ್ಸ್‌ಡಿ ಡಾಟ್ ಕಾನ್ಫ್‌ನಲ್ಲಿ ಮ್ಯಾಕ್ಸ್‌ಜಾಬ್ಸ್, ಅಂದರೆ ಒಟ್ಟು ಜಾಬ್‌ಗಳ ಮಿತಿ, ಮೂಲತಃ 500. 180 ಪ್ರಿಂಟರ್‌ಗಳಿಗೆ, ಅದರಲ್ಲೂ ರಜೆಯ ದಿನ ಆರಿಸಿಟ್ಟ ಪ್ರಿಂಟರ್‌ಗಳಿಗೆ ರಾತ್ರಿ ವರದಿಗಳು ಬಂದು ಬೀಳುವ ಕಡೆ, ಇದು ಸಾಲದು. ಮಿತಿ ತುಂಬಿ ಎಲ್ಲವೂ ಬಾಕಿ ಜಾಬ್‌ಗಳೇ ಆದರೆ ಹೊಸದನ್ನು ಕಪ್ಸ್ ತಿರಸ್ಕರಿಸುತ್ತದೆ. 5000 ಇಡಿ. ಪ್ರಿಂಟರ್‌ಗಳ ಪಟ್ಟಿ ಇರುವ ಪ್ರಿಂಟರ್ಸ್ ಡಾಟ್ ಕಾನ್ಫ್ ಫೈಲನ್ನು ಮಾತ್ರ ಕಪ್ಸ್ ಓಡುತ್ತಿರುವಾಗ ಕೈಯಿಂದ ತಿದ್ದಬೇಡಿ. ಅದು ತನ್ನ ನೆನಪಿನಲ್ಲಿರುವುದನ್ನು ಮತ್ತೆ ಅದೇ ಫೈಲ್‌ಗೆ ಬರೆಯುತ್ತದೆ, ನಿಮ್ಮ ತಿದ್ದುಪಡಿ ಹೋಗುತ್ತದೆ.

ಅಪ್ಲಿಕೇಶನ್ ಕಡೆಯ ಸ್ಕ್ರಿಪ್ಟ್‌ಗಳಲ್ಲಿ ಎಲ್‌ಪಿ ಎಲ್ಲೆಲ್ಲಿ ಇದೆ ಎಂದು ಹುಡುಕಿ. -ಡಿ, -ಎನ್ ಎರಡೂ ಕಡೆ ಒಂದೇ. ಆದರೆ ಬ್ಯಾನರ್ (ಜಾಬ್‌ನ ಮುಂಪುಟ) ಬೇಡ ಎನ್ನುವ -ಒಎನ್‌ಬಿ, ಒತ್ತಿ ಬರೆ ಎನ್ನುವ -ಒಸಿ ಮುಂತಾದವು ಹಳೆಯ ಮಾಡೆಲ್ ಸ್ಕ್ರಿಪ್ಟ್‌ಗಳ ಭಾಷೆ. ಕಪ್ಸ್ ಅವನ್ನು ಸದ್ದಿಲ್ಲದೆ ಕಡೆಗಣಿಸುತ್ತದೆ. ಐದನೆಯ ವಾದವಾಗಿ ಅವು ನಿಮ್ಮ ಫಿಲ್ಟರ್‌ಗೆ ತಲುಪುತ್ತವೆ, ಬೇಕೆಂದರೆ ಅಲ್ಲೇ ಅರ್ಥ ಕೊಡಬಹುದು. 40 ಸ್ಕ್ರಿಪ್ಟ್ ತಿದ್ದುವುದಕ್ಕಿಂತ ಇದು ಹಗುರ. ಎಲ್‌ಪಿ ಕೊಡುವ ಉತ್ತರದ ಕೊನೆಯೂ ಬೇರೆ: ಹಳೆಯದರಲ್ಲಿ ‘1 ಫೈಲ್’, ಕಪ್ಸ್‌ನಲ್ಲಿ ಫೈಲ್ ಮುಂದೆ ಕಂಸದೊಳಗೆ ಎಸ್. ಆ ಸಾಲನ್ನು ಕತ್ತರಿಸಿ ಜಾಬ್ ಸಂಖ್ಯೆ ತೆಗೆಯುವ ಸ್ಕ್ರಿಪ್ಟ್‌ಗಳಿದ್ದರೆ ನಾಲ್ಕನೆಯ ಪದ ತೆಗೆಯುವಂತೆ ಬರೆಯಿರಿ, ಎರಡೂ ಕಡೆ ಸರಿಹೋಗುತ್ತದೆ. ಪ್ರಿಂಟರ್ ನಿಂತಾಗ ‘ಎನೇಬಲ್’ ಎಂದು ಟೈಪ್ ಮಾಡುವ ಅಭ್ಯಾಸ ಆಪರೇಟರ್‌ಗಳಿಗಿರುತ್ತದೆ. ಬ್ಯಾಶ್‌ನಲ್ಲಿ ಅದು ಶೆಲ್‌ನದೇ ಬೇರೆ ಕಮಾಂಡ್, ಪ್ರಿಂಟರ್‌ಗೆ ಏನೂ ಆಗುವುದಿಲ್ಲ. ಕಪ್ಸ್‌ಎನೇಬಲ್ ಎಂದು ಬರೆದು ಕನ್ಸೋಲ್ ಪಕ್ಕ ಅಂಟಿಸಿ.

ನೆಟ್‌ವರ್ಕ್ ತಪಾಸಣೆಯನ್ನು ಶನಿವಾರಕ್ಕೆ ಉಳಿಸಿಕೊಳ್ಳಬೇಡಿ, ಒಂದು ವಾರ ಮೊದಲೇ ಮಾಡಿ. ಹೊಸ ಸರ್ವರ್‌ನಿಂದ ಪ್ರತಿ ಐಪಿ ಮತ್ತು ಪೋರ್ಟ್‌ಗೆ ಎನ್‌ಸಿ -ಜೆಡ್ -ಡಬ್ಲ್ಯು 3 ಓಡಿಸಿದರೆ ಹತ್ತು ನಿಮಿಷದಲ್ಲಿ ಚಿತ್ರ ಸಿಗುತ್ತದೆ. ಹಳೆಯ ಸರ್ವರ್‌ಗೆ ಸಿಗುವ ಪ್ರಿಂಟರ್ ಹೊಸದಕ್ಕೆ ಸಿಗದಿದ್ದರೆ ಮೂರು ಕಾರಣಗಳನ್ನು ಈ ಕ್ರಮದಲ್ಲೇ ನೋಡಿ. ಫೈರ್‌ವಾಲ್‌ನಲ್ಲಿ ಹೊಸ ಐಪಿಯಿಂದ 9100 ತೆರೆದಿಲ್ಲ. ಇಂಕು, ಕಾಗದದ ಸ್ಥಿತಿ ತಿಳಿಯಲು ಯುಡಿಪಿ 161 ಕೂಡ ಬೇಕು. ಪ್ರಿಂಟರ್‌ನೊಳಗಿನ ಪ್ರವೇಶಪಟ್ಟಿಯಲ್ಲಿ ಹಳೆಯ ಸರ್ವರ್‌ನ ಐಪಿಗೆ ಮಾತ್ರ ಅನುಮತಿ ಇದೆ. ಮೂರನೆಯದು ಹೆಚ್ಚಿನವರಿಗೆ ಹೊಳೆಯದ್ದು: ಪ್ರಿಂಟರ್‌ನಲ್ಲಿ ಗೇಟ್‌ವೇ ಹಾಕಿಯೇ ಇಲ್ಲ. ಸರ್ವರ್ ಅದೇ ಸಬ್‌ನೆಟ್‌ನಲ್ಲಿದ್ದಷ್ಟು ಕಾಲ ಅದರ ಅಗತ್ಯ ಬಿದ್ದಿರಲಿಲ್ಲ. ಹೊಸದು ಬೇರೆ ಸಬ್‌ನೆಟ್‌ನಲ್ಲಿದ್ದರೆ ಪ್ರಿಂಟರ್‌ಗೆ ಮಾತು ಕೇಳಿಸುತ್ತದೆ, ಉತ್ತರ ಕಳಿಸುವ ದಾರಿ ಗೊತ್ತಿಲ್ಲ. ಪ್ರಿಂಟರ್‌ನ ಫಲಕದಲ್ಲೇ ಸರಿಪಡಿಸಬೇಕಾಗಬಹುದು, ಅದಕ್ಕೇ ವಾರ ಮೊದಲು ಎಂದದ್ದು.

ಬೇರೆ ಯಂತ್ರಗಳು ಹಳೆಯ ಸರ್ವರ್‌ಗೆ ಎಲ್‌ಪಿಡಿಯಲ್ಲಿ, ಪೋರ್ಟ್ 515ಕ್ಕೆ, ಜಾಬ್ ಕಳಿಸುತ್ತಿದ್ದರೆ ಕಪ್ಸ್-ಎಲ್‌ಪಿಡಿ ಪ್ಯಾಕೇಜ್ ಹಾಕಿ ಅದರ ಸಾಕೆಟ್ ಯೂನಿಟನ್ನು ಸಿಸ್ಟಮ್‌ಡಿಯಲ್ಲಿ ಚಾಲೂ ಮಾಡಿ. ಹಳೆಯ ಸರ್ವರ್‌ನ ಹೆಸರನ್ನೇ ಡಿಎನ್‌ಎಸ್‌ನಲ್ಲಿ ಹೊಸದಕ್ಕೆ ತಿರುಗಿಸುವುದು ಸುಲಭ. ಅದರ ಟಿಟಿಎಲ್ (ಬೇರೆ ಯಂತ್ರಗಳು ಆ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ) ಅನ್ನು ಎರಡು ದಿನ ಮೊದಲು 300 ಸೆಕೆಂಡಿಗೆ ಇಳಿಸಿ. ಐಪಿಪಿಯಲ್ಲಿ (ಕಪ್ಸ್ ಬಳಸುವ ಮುದ್ರಣ ಪ್ರೊಟೊಕಾಲ್‌ನಲ್ಲಿ) ಬರುವವರಿಗಾಗಿ ಕಪ್ಸ್‌ಡಿ ಡಾಟ್ ಕಾನ್ಫ್‌ನಲ್ಲಿ ಸರ್ವರ್‌ಅಲಿಯಾಸ್ ಮುಂದೆ ಆ ಹೆಸರು ಸೇರಿಸಿ. ತನ್ನದಲ್ಲದ ಹೆಸರಿನಲ್ಲಿ ಕರೆದರೆ ಕಪ್ಸ್ ‘ಬ್ಯಾಡ್ ರಿಕ್ವೆಸ್ಟ್’ ಎಂದು ಬಾಗಿಲು ಹಾಕುತ್ತದೆ.

ಶನಿವಾರ ಸಂಜೆ ಹಳೆಯ ಸರ್ವರ್‌ನಲ್ಲಿ ಎಲ್ಲ ಪ್ರಿಂಟರ್‌ಗಳಿಗೂ ರಿಜೆಕ್ಟ್ ಕೊಡಿ, ಡಿಸೇಬಲ್ ಬೇಡ. ರಿಜೆಕ್ಟ್ ಹೊಸ ಜಾಬ್‌ಗಳನ್ನು ಮಾತ್ರ ತಡೆಯುತ್ತದೆ, ಒಳಗಿರುವವು ಮುಗಿಯುತ್ತವೆ. ಎಲ್‌ಪಿಸ್ಟ್ಯಾಟ್ -ಒ ಖಾಲಿಯಾದ ಮೇಲೆ ಡಿಎನ್‌ಎಸ್ ತಿರುಗಿಸಿ. ಮುಗಿಯದೆ ಸಿಕ್ಕಿಕೊಂಡ ಜಾಬ್‌ಗಳಿದ್ದರೆ ಅವನ್ನು ಸಾಗಿಸಲು ಹೋಗಬೇಡಿ, ಅಪ್ಲಿಕೇಶನ್‌ನಿಂದ ಮತ್ತೆ ಕೊಡಿಸಿ. ಹಳೆಯ ಸರ್ವರನ್ನು ಎರಡು ವಾರವಾದರೂ ಆರಿಸಬೇಡಿ. ಹಿಂದಿರುಗಬೇಕಾದರೆ ಅಕ್ಸೆಪ್ಟ್ ಮತ್ತು ಡಿಎನ್‌ಎಸ್, ಎರಡೇ ಹೆಜ್ಜೆ.

ಭಾನುವಾರ ಪ್ರತಿ ಪ್ರಿಂಟರ್‌ಗೂ ಅದರ ಕ್ಯೂ ಹೆಸರು, ಜಾಗ ಮತ್ತು ಮೂರು ಸಾಲು ಪಠ್ಯ ಇರುವ ಒಂದು ಹಾಳೆ ಕಳಿಸಿ. ಇಬ್ಬರು ಮಹಡಿ ಮಹಡಿ ಸುತ್ತಿ ಹಾಳೆ ಎತ್ತಿಕೊಳ್ಳಲಿ, ಮೇಲಿನ ಹೆಸರು ಪ್ರಿಂಟರ್ ಮೇಲಿನ ಚೀಟಿಗೆ ತಾಳೆಯಾಗುತ್ತದೆಯೇ ನೋಡಲಿ. ಅದಲು ಬದಲಾದ ಐಪಿಗಳು, ಮೆಟ್ಟಿಲಾದ ಸಾಲುಗಳು, ತಪ್ಪು ಟ್ರೇ ಎಲ್ಲ ಇಲ್ಲೇ ಸಿಕ್ಕಿಬೀಳುತ್ತವೆ. ಮುದ್ರಿತ ನಮೂನೆಗಳ ಮೇಲೆ ಅಚ್ಚಾಗುವ ಇನ್‌ವಾಯ್ಸ್, ಚಲನ್‌ಗಳಿಗೆ ಮಾತ್ರ ನಿಜವಾದ ಒಂದು ದಾಖಲೆಯನ್ನೇ ಹಾಕಿಸಿ, ಹಳೆಯ ಪ್ರತಿಯ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ಅರ್ಧ ಸಾಲು ಜರುಗಿದ್ದರೂ ಗೊತ್ತಾಗುತ್ತದೆ.

ಸೋಮವಾರ ಬೆಳಗ್ಗೆ ತೊಂದರೆ ಬಂದರೆ /ವಾರ್/ಲಾಗ್/ಕಪ್ಸ್ ಕೆಳಗೆ ಎರರ್ ಲಾಗ್ ಹುಡುಕಿ ಸಮಯ ಕಳೆಯಬೇಡಿ. ರೆಡ್ ಹ್ಯಾಟ್ 9ರಲ್ಲಿ ಅದು ಜರ್ನಲ್‌ಗೆ ಹೋಗುತ್ತದೆ: ಜರ್ನಲ್‌ಸಿಟಿಎಲ್ -ಯು ಕಪ್ಸ್. ವಿವರ ಸಾಲದಿದ್ದರೆ ಕಪ್ಸ್‌ಸಿಟಿಎಲ್‌ಗೆ ಡಿಬಗ್-ಲಾಗಿಂಗ್ ಆಯ್ಕೆ ಕೊಟ್ಟು, ಜಾಬ್ ಮತ್ತೆ ಕಳಿಸಿ, ಯಾವ ಫಿಲ್ಟರ್ ಯಾವ ಸಂಖ್ಯೆಯೊಂದಿಗೆ ನಿಂತಿತೆಂದು ಓದಿ. ನೋಡಿದ ಮೇಲೆ ನೋ-ಡಿಬಗ್-ಲಾಗಿಂಗ್ ಕೊಡಲು ಮರೆಯಬೇಡಿ, 180 ಪ್ರಿಂಟರ್‌ಗಳ ಡಿಬಗ್ ಸಾಲುಗಳು ಜರ್ನಲನ್ನು ಬೇಗ ತುಂಬಿಸುತ್ತವೆ.